ಅಂದಾಜು ತಪ್ಪಿದಾಗಲೇ ಕೈ ಕಲಿಯುವುದು: ಹೊಸ ಕೆಲಸ ರೂಢಿಸಿಕೊಳ್ಳುವವರಿಗೆ ಒಂದು ಮಾರ್ಗದರ್ಶಿ

ನಮ್ಮ ಕೊಬ್ಬರಿ ಕೊಟ್ಟಿಗೆಯ ಗೇಟಿಗೆ ಎರಡು ಕಲ್ಲುಕಂಬಗಳಿವೆ. ಎಡಗಡೆಯ ಕಂಬದಲ್ಲಿ ಸೊಂಟದೆತ್ತರಕ್ಕೆ ಮೂರು ಕಡೆ ಚಕ್ಕೆ ಎದ್ದಿದೆ. ಮೂರೂ ನನ್ನ ಕೈವಾಡ. ನಿವೃತ್ತನಾಗಿ ತಿಪಟೂರು ತಾಲ್ಲೂಕಿನ ನಮ್ಮೂರಿಗೆ ಮರಳಿದ ಮೇಲೆ, 61ನೇ ವಯಸ್ಸಿನಲ್ಲಿ, ಟ್ರ್ಯಾಕ್ಟರಿಗೆ ಎರಡು ಚಕ್ರದ ಟ್ರೈಲರ್ ಕಟ್ಟಿ ಹಿಂದಕ್ಕೆ ತೆಗೆಯುವುದನ್ನು ಕಲಿಯಲು ಹೊರಟಿದ್ದರ ಫಲ ಅದು. ಮುಂದಕ್ಕೆ ಓಡಿಸುವುದು ಮೊದಲೇ ಬರುತ್ತಿತ್ತು. ಹಿಂದಕ್ಕೆ ತೆಗೆಯುವುದು ಬೇರೆಯದೇ ವಿದ್ಯೆ.

ಕಲಿಸಲು ನಿಂತವನು ತಮ್ಮನ ಮಗ. "ಎಡಕ್ಕೆ, ಎಡಕ್ಕೆ, ಅಯ್ಯೋ ತಪ್ಪು!" ಎಂದು ಅವನು ಹಿಂದಿನಿಂದ ಕೂಗುತ್ತಿದ್ದಾಗ ನನಗೆ ಕೇಳಿಸಿದ್ದು ನನ್ನದೇ ದನಿ. ಮೂವತ್ತು ವರ್ಷ ದೈಹಿಕ ಶಿಕ್ಷಕನಾಗಿದ್ದವನು ನಾನು. ಮೈದಾನದ ಅಂಚಿನಲ್ಲಿ ಸೀಟಿ ಕಚ್ಚಿಕೊಂಡು ನಿಂತು ನಾನು ಕೂಗಿದ್ದೂ ಇದನ್ನೇ. ಆ ಕೂಗಿನಿಂದ ಮಕ್ಕಳಿಗೆ ಎಷ್ಟು ಉಪಯೋಗವಾಗಿರಬಹುದು ಎಂಬುದು ಸ್ಟೀರಿಂಗ್ ಹಿಡಿದ ಹತ್ತೇ ನಿಮಿಷದಲ್ಲಿ ಗೊತ್ತಾಯಿತು. ತಪ್ಪಾಗಿದೆ ಎಂಬುದು ನನಗೂ ಕಾಣುತ್ತಿತ್ತು. ಕೈಗೆ ಬೇಕಾದದ್ದು ಆ ಸುದ್ದಿಯಲ್ಲ.

ಕೈಗೆ ಬೇಕಾದದ್ದೇನು ಎಂದು ಆಮೇಲೆ ಓದಿ, ನಮ್ಮ ಅಂಗಳದಲ್ಲೇ ಮಾಡಿ ನೋಡಿ ತಿಳಿದದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನೀವು ಸ್ಕೂಟರ್ ಕಲಿಯುತ್ತಿರಬಹುದು, ಮಗಳಿಗೆ ರಂಗೋಲಿಯ ಎಳೆ ಕಲಿಸುತ್ತಿರಬಹುದು, ವಾಲಿಬಾಲ್ ಸರ್ವಿಸ್ ಸರಿಪಡಿಸಿಕೊಳ್ಳುತ್ತಿರಬಹುದು. ಕ್ರಮ ಹೆಚ್ಚು ಕಡಿಮೆ ಇದೇ.

ಮೊದಲು ಒಂದು ಬಿಂದಿಗೆ, ಒಂದು ಕನ್ನಡಿ

ಓದುವ ಮುಂಚೆ ಇದನ್ನು ಮಾಡಿ. ಅಡುಗೆಮನೆಯಲ್ಲಿ ದಿನವೂ ನೀರು ತುಂಬಿಡುವ ಮುಚ್ಚಳದ ಬಿಂದಿಗೆಯನ್ನು ನಿಮಗೆ ತಿಳಿಯದ ಹಾಗೆ ಖಾಲಿ ಮಾಡಿಡಲು ಮನೆಯವರಿಗೆ ಹೇಳಿ, ಯಾವ ದಿನ ಎಂದು ಅವರು ಹೇಳಬಾರದು. ಅದನ್ನು ಎತ್ತಿದ ದಿನ ಕೈ ಜಿಗಿದು ಮೇಲಕ್ಕೆ ಹಾರುತ್ತದೆ. ಬಿಂದಿಗೆಯ ತೂಕ ಬೆರಳಿಗೆ ತಾಗುವ ಮೊದಲೇ ಮಿದುಳು "ಇಷ್ಟು ಭಾರ ಇರುತ್ತದೆ" ಎಂದು ಅಂದಾಜು ಕಟ್ಟಿ, ಅದಕ್ಕೆ ತಕ್ಕ ಬಲವನ್ನು ತೋಳಿಗೆ ಕಳುಹಿಸಿಯಾಗಿತ್ತು. ಕತ್ತಲಲ್ಲಿ ಮೆಟ್ಟಿಲಿಳಿಯುವಾಗ ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ನೆಲವನ್ನೇ ತುಳಿದು ತಲೆಯವರೆಗೆ ಜುಮ್ಮೆನ್ನುತ್ತದಲ್ಲ, ಅದೂ ಇದೇ.

ಈಗ ಅದೇ ಖಾಲಿ ಬಿಂದಿಗೆಯನ್ನು ಇನ್ನೊಮ್ಮೆ ಎತ್ತಿ. ಕೈ ಹಾರುವುದಿಲ್ಲ. ಒಂದೇ ಸಲಕ್ಕೆ ಅಂದಾಜು ತಿದ್ದುಪಡಿಯಾಗಿದೆ, ಯಾರೂ ಏನೂ ಹೇಳಿಕೊಡದೆ. ಅಂದುಕೊಂಡದ್ದಕ್ಕೂ ಆದದ್ದಕ್ಕೂ ನಡುವೆ ಇರುವ ಅಂತರವೇ ಕೈಯ ಲೆಕ್ಕದಲ್ಲಿ ತಪ್ಪು. ಅಂದಾಜೇ ಇಲ್ಲದಿದ್ದರೆ ತಪ್ಪೂ ಇಲ್ಲ, ಕಲಿಕೆಯೂ ಇಲ್ಲ. ಮುಂದೆ ಹೇಳುವ ಎಲ್ಲಕ್ಕೂ ಇದೇ ಬುಡ.

ಇನ್ನು ಕನ್ನಡಿ. ಒಂದು ಹಾಳೆಯ ಮೇಲೆ ಐದು ಮೂಲೆಯ ನಕ್ಷತ್ರ ಬರೆಯಿರಿ. ಅದರೊಳಗೆ ಅರ್ಧ ಸೆಂಟಿಮೀಟರ್ ಬಿಟ್ಟು ಇನ್ನೊಂದು ನಕ್ಷತ್ರ. ಹಾಳೆಯ ಆಚೆ ತುದಿಗೆ ಒಂದು ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿ. ಕೈ ನೇರವಾಗಿ ಕಾಣದಂತೆ, ಕನ್ನಡಿಯಲ್ಲಿ ಮಾತ್ರ ಕಾಣುವಂತೆ ಒಂದು ದೊಡ್ಡ ಪುಸ್ತಕವನ್ನು ಅಡ್ಡ ಹಿಡಿಯಲು ಯಾರಿಗಾದರೂ ಹೇಳಿ. ಈಗ ಕನ್ನಡಿಯನ್ನೇ ನೋಡುತ್ತಾ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಿ. ಎಡಬಲದ ಗೆರೆ ಸಲೀಸಾಗಿ ಬರುತ್ತದೆ. ಓರೆ ಗೆರೆ ಬಂದ ಕೂಡಲೇ ಕೈ ಕಟ್ಟಿಹಾಕಿದಂತಾಗುತ್ತದೆ. ಮೂಲೆಯಲ್ಲಿ ಪೆನ್ಸಿಲ್ ಅಲ್ಲೇ ಗಿರಕಿ ಹೊಡೆಯುತ್ತದೆ. ಹಿಡಿದ ಸಮಯವನ್ನೂ ಗೆರೆ ದಾಟಿದ ಸಲಗಳನ್ನೂ ಬರೆದಿಟ್ಟುಕೊಳ್ಳಿ. ದಿನಕ್ಕೆ ಹತ್ತು ಸಲದಂತೆ ಮೂರು ದಿನ ಮಾಡಿ.

ಮೂರು ದಿನ ಎಂದು ಸುಮ್ಮನೆ ಹೇಳಿದ್ದಲ್ಲ. ಹೆನ್ರಿ ಮೊಲೈಸನ್ ಎಂಬ ಅಮೆರಿಕದ ವ್ಯಕ್ತಿಗೆ ಮೂರ್ಛೆರೋಗ ಹತೋಟಿಗೆ ತರಲು 1953ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿದ್ದರು. ಆಮೇಲೆ ಅವರಿಗೆ ಹೊಸ ನೆನಪುಗಳು ನಿಲ್ಲಲೇ ಇಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಅವರಿಂದ ಮೂರು ದಿನ ಇದೇ ಕನ್ನಡಿ ನಕ್ಷತ್ರ ಬರೆಸಿದರು. 1962ರಲ್ಲಿ ವರದಿ ಪ್ರಕಟವಾಯಿತು. ಹಿಂದಿನ ದಿನ ಇದನ್ನು ಮಾಡಿದ್ದೇ ಅವರಿಗೆ ನೆನಪಿರುತ್ತಿರಲಿಲ್ಲ. ಆದರೆ ಕೈ ದಿನದಿಂದ ದಿನಕ್ಕೆ ಪಳಗುತ್ತಾ ಹೋಯಿತು. ಮನಸ್ಸಿನ ನೆನಪು ಬೇರೆ, ಕೈಯ ನೆನಪು ಬೇರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಮಾತಿನಲ್ಲಿ ಹೇಳಿಕೊಟ್ಟದ್ದು ಹೋಗಿ ಸೇರುವುದು ಮೊದಲನೆಯದಕ್ಕೆ. ನಾನು ಮೂವತ್ತು ವರ್ಷ ಎಲ್ಲಿಗೆ ಕೂಗುತ್ತಿದ್ದೆ ಎಂಬುದು ಈಗ ನಿಮಗೂ ತಿಳಿಯಿತು.

ತಪ್ಪು ಹೋಗಿ ಮುಟ್ಟುವ ಜಾಗ

ಹಿಂದಲೆಯ ಕೆಳಗೆ, ಕುತ್ತಿಗೆ ಶುರುವಾಗುವ ಕಡೆ, ಮುಷ್ಟಿಯಷ್ಟು ದೊಡ್ಡದಾದ ಅನುಮಸ್ತಿಷ್ಕ ಇದೆ. ತೂಕದಲ್ಲಿ ಇಡೀ ಮಿದುಳಿನ ಹತ್ತನೇ ಒಂದು ಪಾಲು. ಆದರೆ ಮನುಷ್ಯನ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಸುಮಾರು 6,900 ಕೋಟಿ ಇರುವುದು ಅಲ್ಲಿಯೇ. ಅಲ್ಲಿನ ಪುರ್ಕಿಂಜೆ ಕೋಶಗಳು ಆಲದ ಮರದಂತೆ ಕೊಂಬೆ ಹರಡಿಕೊಂಡಿರುತ್ತವೆ. ಒಂದೊಂದು ಕೋಶಕ್ಕೂ ಲಕ್ಷಕ್ಕೂ ಹೆಚ್ಚು ಸಣ್ಣ ತಂತುಗಳು ಸುದ್ದಿ ತರುತ್ತವೆ: ಕೈ ಎಲ್ಲಿದೆ, ಎತ್ತ ಹೊರಟಿದೆ, ಏನು ಆಜ್ಞೆ ಹೋಗಿದೆ. ಇವಲ್ಲದೆ, ಅಡಿಕೆ ಮರಕ್ಕೆ ಹಬ್ಬಿದ ವೀಳ್ಯದ ಬಳ್ಳಿಯಂತೆ, ಕೋಶವನ್ನು ಸುತ್ತಿಕೊಂಡು ಹತ್ತುವ ಒಂದೇ ಒಂದು ಬಲವಾದ ತಂತು ಇದೆ. ಅಂದಾಜು ತಪ್ಪಿದಾಗ ಗಂಟೆ ಬಾರಿಸುವುದು ಈ ಬಳ್ಳಿ. ಗಂಟೆ ಬಾರಿಸಿದಾಗ ಯಾವ ಸಣ್ಣ ತಂತುಗಳು ಮಾತಾಡುತ್ತಿದ್ದವೋ ಅವುಗಳ ಹಿಡಿತ ಕೊಂಚ ಸಡಿಲವಾಗುತ್ತದೆ. ಮುಂದಿನ ಸಲ ಆಜ್ಞೆ ಅಷ್ಟರಮಟ್ಟಿಗೆ ಬೇರೆಯಾಗಿ ಹೊರಡುತ್ತದೆ. ಡೇವಿಡ್ ಮಾರ್ 1969ರಲ್ಲಿ, ಜೇಮ್ಸ್ ಆಲ್ಬಸ್ 1971ರಲ್ಲಿ ಇಂಥದೊಂದು ವ್ಯವಸ್ಥೆ ಇರಬೇಕೆಂದು ತರ್ಕಿಸಿದರು. ಹಿಡಿತ ಸಡಿಲವಾಗುವುದನ್ನು ಜಪಾನಿನ ಮಸಾವೊ ಇಟೊ 1980ರ ದಶಕದಲ್ಲಿ ಪ್ರಯೋಗದಿಂದ ತೋರಿಸಿದರು. ಕಲಿಕೆಯೆಲ್ಲ ಇಷ್ಟೇ ಅಲ್ಲ, ಮಿದುಳಿನ ಬೇರೆ ಭಾಗಗಳ ಪಾಲೂ ಇದೆ. ಆದರೆ ಟ್ರ್ಯಾಕ್ಟರ್ ಹತ್ತುವವರಿಗೆ ಸದ್ಯಕ್ಕೆ ಇಷ್ಟು ಸಾಕು.

ನಿಮ್ಮ ತಪ್ಪು ಓರೆಯದೋ, ತಿರುಗುಮುರುಗಾದದ್ದೋ?

ಇದೇ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಹೆಚ್ಚಿನವರು ಇದನ್ನು ಕೇಳಿಕೊಳ್ಳುವುದೇ ಇಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಆಷಾಢದಲ್ಲಿ ನಮ್ಮ ಕಡೆ ಬೀಸುವ ಗಾಳಿ ಗೊತ್ತಲ್ಲ. ಬಾಲ್ ಬ್ಯಾಡ್ಮಿಂಟನ್‌ನ ಉಣ್ಣೆ ಚೆಂಡು ಹಗುರ, ಗಾಳಿಗೆ ಸುಲಭವಾಗಿ ವಾಲುತ್ತದೆ. ಮಕ್ಕಳು ಮೊದಮೊದಲು ಸರ್ವಿಸ್ ಹೊಡೆದರೆ ಚೆಂಡು ಒಂದೊಂದು ಮಾರು ಬಲಕ್ಕೆ ಹೋಗುತ್ತಿತ್ತು. ಹತ್ತು ಹದಿನೈದು ಸಲದೊಳಗೆ, ಯಾರೂ ಏನೂ ಹೇಳದೆ, ಸರಿಹೋಗುತ್ತಿತ್ತು. ಗಾಳಿ ನಿಂತಾಗ ನೋಡಬೇಕು: ಅದೇ ಮಕ್ಕಳು ಎಡಕ್ಕೆ ಹೊಡೆಯುತ್ತಿದ್ದರು. "ಈಗೇನಾಯಿತು ನಿಮಗೆ?" ಎಂದು ನಾನು ಗದರಿದ್ದೂ ಉಂಟು. ಏನೂ ಆಗಿರಲಿಲ್ಲ, ಅವರು ಕಲಿತಿದ್ದರು ಎಂಬುದಕ್ಕೆ ಅದೇ ಗುರುತು.

ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1867ರಲ್ಲಿಯೇ ಇದನ್ನು ಪಟ್ಟಕದ ಕನ್ನಡಕದಿಂದ ವಿವರಿಸಿದ್ದ. ನೋಟವನ್ನು ಒಂದು ಪಕ್ಕಕ್ಕೆ ಸರಿಸುವ ಗಾಜನ್ನು ಕಣ್ಣಿಗೆ ಹಾಕಿಕೊಂಡು ಎದುರಿನ ವಸ್ತುವನ್ನು ಮುಟ್ಟಲು ಹೋದರೆ ಕೈ ಆ ಪಕ್ಕಕ್ಕೆ ತಪ್ಪುತ್ತದೆ. ಮತ್ತೆ ಮತ್ತೆ ಮುಟ್ಟುತ್ತಿದ್ದರೆ ಸರಿಯಾಗುತ್ತದೆ. ಗಾಜು ತೆಗೆದರೆ ಎದುರು ಪಕ್ಕಕ್ಕೆ ತಪ್ಪುತ್ತದೆ. ಗಾಜು ತೆಗೆದಿರುವುದು ನಿಮಗೆ ಗೊತ್ತು, ಕೈಗೆ ಮಾತ್ರ ಇನ್ನೂ ಗೊತ್ತಾಗಿಲ್ಲ. ಎರಡು ನೋಟದ ಕನ್ನಡಕ ಹೊಸದಾಗಿ ಹಾಕಿಕೊಂಡವರು ಮೆಟ್ಟಿಲ ಮೇಲೆ ನಾಲ್ಕು ದಿನ ತಡವರಿಸುವುದು ಇದೇ ಜಾತಿಯ ಪರದಾಟ. ಇದು ಓರೆಯ ತಪ್ಪು. ಹೊಸ ಬ್ಯಾಟು, ಬೇರೆ ಸ್ಕೂಟರಿನ ಬ್ರೇಕು, ಬೇರೆ ಮನೆಯ ಮುದ್ದೆಕೋಲು ಇವೆಲ್ಲ ಈ ಗುಂಪಿನವು. ಇದಕ್ಕೆ ಮದ್ದು ಸರಳ: ಸುಮ್ಮನೆ ಮಾಡುತ್ತಾ ಹೋಗಿ, ಫಲ ಕಣ್ಣಿಗೆ ಬೀಳುತ್ತಿರಲಿ. ಅನುಮಸ್ತಿಷ್ಕ ತಾನೇ ನೋಡಿಕೊಳ್ಳುತ್ತದೆ.

ಟ್ರೈಲರ್ ಹಾಗಲ್ಲ. ಅದು ಕನ್ನಡಿಯ ನಕ್ಷತ್ರದ ಜಾತಿ. ಹಿಂದಕ್ಕೆ ಹೋಗುವಾಗ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದರೆ ಟ್ರ್ಯಾಕ್ಟರಿನ ಬೆನ್ನು ಬಲಕ್ಕೆ ಹೋಗಿ ಕೊಂಡಿಯನ್ನು ಬಲಕ್ಕೆ ತಳ್ಳುತ್ತದೆ. ಟ್ರೈಲರಿನ ಬಾಲ ಎಡಕ್ಕೆ ಹೊರಳುತ್ತದೆ. ಈಗ ಏನಾಗುತ್ತದೆ ನೋಡಿ. ಬಾಲ ಎಡಕ್ಕೆ ಒಂದು ಗೇಣು ಹೆಚ್ಚು ಹೋಗಿದೆ. "ಬಲಕ್ಕೆ ತರಬೇಕು" ಎಂದು ಕೈ, ಕಾರು ಓಡಿಸಿದ ರೂಢಿಯಲ್ಲಿ, ಸ್ಟೀರಿಂಗನ್ನು ಬಲಕ್ಕೆ ತಿರುಗಿಸುತ್ತದೆ. ಬಾಲ ಇನ್ನೂ ಎಡಕ್ಕೆ ಹೋಗುತ್ತದೆ. ಕೈ ಇನ್ನೂ ಬಲಕ್ಕೆ ತಿರುಗಿಸುತ್ತದೆ. ತಪ್ಪನ್ನು ತಿದ್ದುವ ಪ್ರತಿ ಪ್ರಯತ್ನವೂ ತಪ್ಪನ್ನು ಬೆಳೆಸುತ್ತದೆ. ಟ್ರ್ಯಾಕ್ಟರ್ ಮತ್ತು ಟ್ರೈಲರ್ ಮಡಚಿದ ಮೊಣಕೈಯಂತಾಗಿ ನಿಲ್ಲುವವರೆಗೆ, ಇಲ್ಲವೇ ಕಂಬದಲ್ಲಿ ಚಕ್ಕೆ ಏಳುವವರೆಗೆ, ಇದು ನಿಲ್ಲುವುದಿಲ್ಲ.

ಕನ್ನಡಿಯಂತೆ ತಿರುಗುಮುರುಗಾದ ಕೆಲಸದಲ್ಲಿ ಹಳೆಯ ಅಂದಾಜನ್ನು ಅಷ್ಟಿಷ್ಟು ಸರಿಸಿ ಪ್ರಯೋಜನವಿಲ್ಲ, ಹೊಸದೊಂದನ್ನು ಬುಡದಿಂದ ಕಟ್ಟಬೇಕು. ಹತ್ತು ಹದಿನೈದು ಸಲಕ್ಕೆ ಆಗುವ ಮಾತಲ್ಲ, ದಿನಗಳು ಬೇಕು. ಅದಕ್ಕೆ ಪ್ರತಿಯಾಗಿ ಒಂದು ಲಾಭವಿದೆ. ಹಳೆಯದು ಅಳಿಯದೆ ಹಾಗೆಯೇ ಉಳಿಯುವುದರಿಂದ ಟ್ರೈಲರ್ ಬಿಚ್ಚಿಟ್ಟು ಕಾರು ಹತ್ತಿದರೆ ಕೈ ಕಾರಿನದನ್ನೇ ಮಾಡುತ್ತದೆ.

ನಿಮ್ಮದು ಯಾವುದು ಎಂದು ಕಂಡುಕೊಳ್ಳುವ ಬಗೆ ಇದು. ಐದು ಸಲ ಮಾಡಿ. ತಪ್ಪು ಪ್ರತಿ ಸಲ ಒಂದೇ ಕಡೆಗೆ ಆಗಿ, ಮೆಲ್ಲಗೆ ಕಡಿಮೆಯಾಗುತ್ತಿದ್ದರೆ ಓರೆಯದು. ತಿದ್ದಲು ಹೋದಷ್ಟೂ ಹೆಚ್ಚುತ್ತಿದ್ದರೆ ತಿರುಗುಮುರುಗಾದದ್ದು. ಆಗ ನೀವು ಮಾಡಬೇಕಾದ ಮೊದಲ ಕೆಲಸ ತಿದ್ದುವುದಲ್ಲ, ನಿಲ್ಲಿಸುವುದು. ಟ್ರೈಲರಿನಲ್ಲಿ ಇದರರ್ಥ: ಲೋ ರಿವರ್ಸ್ ಗೇರ್, ಬಾಲ ಅರ್ಧ ಗೇಣು ವಾಲಿದೊಡನೆ ಬ್ರೇಕ್, ಮುಂದಕ್ಕೆ ತಂದು ನೇರ ಮಾಡಿಕೊಂಡು ಮತ್ತೆ ಮೊದಲಿನಿಂದ. ಮುಂದಕ್ಕೆ ತರುವುದು ಸೋಲು ಎಂದು ನಮ್ಮ ಹುಡುಗರು ತಿಳಿಯುತ್ತಾರೆ. ನುರಿತ ಚಾಲಕರೇ ಮುಂದಕ್ಕೆ ತಂದು ನೇರ ಮಾಡಿಕೊಳ್ಳುತ್ತಾರೆ, ಗಮನಿಸಿ.

ಒಂದು ಉಪಾಯವೂ ಉಂಟು. ಸ್ಟೀರಿಂಗಿನ ಮೇಲ್ತುದಿಯ ಬದಲು ಕೆಳತುದಿಯನ್ನು ಹಿಡಿಯಿರಿ. ಬಾಲ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೇ ಸರಿಸಿ. ಕೈ ಎಡಕ್ಕೆ, ಬಾಲ ಎಡಕ್ಕೆ. ಕನ್ನಡಿಯನ್ನು ಇನ್ನೊಂದು ಕನ್ನಡಿಯಲ್ಲಿ ನೋಡಿದ ಹಾಗೆ, ತಿರುಗಿದ್ದು ಮತ್ತೆ ನೆಟ್ಟಗಾಗುತ್ತದೆ. ಇದು ನನಗೆ ಎಂಟನೇ ದಿನ ಗೊತ್ತಾಯಿತು, ಮೊದಲನೇ ದಿನ ಗೊತ್ತಾಗಿದ್ದರೆ ಕಂಬ ಉಳಿಯುತ್ತಿತ್ತು.

ಉಪಾಯದ ಬಗ್ಗೆ ಎಚ್ಚರಿಕೆಯ ಮಾತೊಂದಿದೆ. 2006ರಲ್ಲಿ ಮಝೋನಿ ಮತ್ತು ಕ್ರಾಕವರ್ ಎಂಬ ಸಂಶೋಧಕರು ಪರದೆಯ ಮೇಲಿನ ಗುರುತು ಕೈಯ ದಿಕ್ಕಿಗಿಂತ 45 ಡಿಗ್ರಿ ಓರೆಯಾಗಿ ಚಲಿಸುವಂತೆ ಮಾಡಿ, ಅದನ್ನು ಸರಿದೂಗಿಸುವ ಉಪಾಯವನ್ನು ಮೊದಲೇ ಹೇಳಿಕೊಟ್ಟರು: ಪಕ್ಕದ ಗುರಿಯತ್ತ ಕೈ ಒಯ್ಯಿರಿ. ಕೂಡಲೇ ಗುರಿ ತಾಗತೊಡಗಿತು. ಆದರೆ ಮಾಡುತ್ತಾ ಮಾಡುತ್ತಾ ಫಲ ಕೆಡುತ್ತಾ ಬಂತು. ಕೈ ಹೊರಟ ದಿಕ್ಕಿಗೂ ಗುರುತು ಹೋದ ದಿಕ್ಕಿಗೂ ಇದ್ದ ಅಂತರವನ್ನು ಒಳಗಿನ ಯಂತ್ರ ತಪ್ಪೆಂದೇ ಲೆಕ್ಕ ಹಾಕಿ, ಕೇಳದೆ ತಿದ್ದುತ್ತಿತ್ತು. ಆದ್ದರಿಂದ ಓರೆಯ ತಪ್ಪಿಗೆ ಬುದ್ಧಿವಂತಿಕೆಯ ಉಪಾಯ ಹೂಡಬೇಡಿ. ತಿರುಗುಮುರುಗಾದದ್ದಕ್ಕೆ ಉಪಾಯ ಬೇಕೇ ಬೇಕು.

ಗುರಿಯನ್ನು ಹೊರಗಿಡಿ, ಮೈಯೊಳಗಲ್ಲ

"ಮೊಣಕೈ ಮೇಲೆತ್ತು, ಮಂಡಿ ಬಗ್ಗಿಸು, ಮಣಿಕಟ್ಟು ಸಡಿಲ ಬಿಡು." ಗುಂಡು ಎಸೆತಕ್ಕೆ ನಿಂತ ಹುಡುಗಿಗೆ ನಾನು ಇಷ್ಟನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದೆ. ಅವಳು ಮೈಯ ಒಂದೊಂದು ಕೀಲನ್ನೂ ಯೋಚಿಸುತ್ತಾ ಗೊಂಬೆಯಂತೆ ಎಸೆಯುತ್ತಿದ್ದಳು. ಗಮನ ಅಂಗಗಳ ಮೇಲಿದ್ದರೆ ಚಲನೆ ಬಿಗಿಯುತ್ತದೆ, ಆಗಬೇಕಾದ ಪರಿಣಾಮದ ಮೇಲಿದ್ದರೆ ಸಲೀಸಾಗುತ್ತದೆ ಎಂಬುದನ್ನು ಗೇಬ್ರಿಯೇಲೆ ವುಲ್ಫ್ ಎಂಬ ಸಂಶೋಧಕಿ 1990ರ ದಶಕದಿಂದ ಹಲವು ಪ್ರಯೋಗಗಳಲ್ಲಿ ತೋರಿಸುತ್ತಾ ಬಂದಿದ್ದಾರೆ. ಅಂಗಳದಲ್ಲಿ ಸುಣ್ಣದ ಗೆರೆ ಎಳೆಯಿರಿ. ವಾಲಿಬಾಲ್ ಆದರೆ ಆಚೆಯ ಅಂಕಣದಲ್ಲಿ ಒಂದು ಗೋಣಿಚೀಲ ಹಾಸಿ. ರಂಗೋಲಿಯಾದರೆ ಮುಂದಿನ ಚುಕ್ಕಿ ನೋಡಲು ಹೇಳಿ, ಬೆರಳನ್ನಲ್ಲ.

ಟ್ರೈಲರಿಗೆ ನಾನು ಮಾಡಿದ್ದು: ಕಲ್ಲುಕಂಬಗಳನ್ನು ಬಿಟ್ಟು, ಬಯಲಿನಲ್ಲಿ ತೆಂಗಿನ ಸಿಪ್ಪೆ ತುಂಬಿದ ಎರಡು ಚೀಲಗಳನ್ನು ಗೇಟಿನಷ್ಟೇ ಅಗಲಕ್ಕೆ ನಿಲ್ಲಿಸಿಕೊಂಡೆ. ಚೀಲಕ್ಕೆ ತಾಗಿದರೆ ಚೀಲ ಬೀಳುತ್ತದೆ, ಅಷ್ಟೇ. ಹಿಂದೆ ಮಕ್ಕಳಾಗಲಿ ದನವಾಗಲಿ ಸುಳಿಯದಂತೆ ಒಬ್ಬರನ್ನು ಕಾವಲಿಗೆ ನಿಲ್ಲಿಸಿ. ಕೊನೆಯ ಮಾತಿಗೆ ವಿನಾಯಿತಿ ಇಲ್ಲ.

ಕಲಿಸುವವರು ಬಾಯಿ ಮುಚ್ಚಿಕೊಳ್ಳುವುದು

ಈ ಹೆಜ್ಜೆ ಕಲಿಯುವವರಿಗಲ್ಲ, ಪಕ್ಕದಲ್ಲಿ ನಿಂತವರಿಗೆ.

ತಪ್ಪು ಕಂಡದ್ದು ತಡವಾದರೆ ಕೈಗೆ ಅದು ಯಾವ ಚಲನೆಯ ಫಲ ಎಂದು ತಿಳಿಯುವುದಿಲ್ಲ. ಎಷ್ಟು ತಡ? ಜಪಾನಿನ ಕಿತಾಜಾವಾ ಮತ್ತು ಸಂಗಡಿಗರು 1995ರಲ್ಲಿ ಪಟ್ಟಕದ ಪ್ರಯೋಗವನ್ನೇ ಮಾಡಿ, ಕೈ ಮುಟ್ಟಿದ ಕ್ಷಣಕ್ಕೂ ಫಲ ಕಾಣುವುದಕ್ಕೂ ನಡುವೆ ಸೆಕೆಂಡಿನ 20ನೇ ಒಂದು ಭಾಗದಷ್ಟು ತಡಮಾಡಿದರೂ ಕಲಿಕೆ ಕುಂದುವುದನ್ನು ಕಂಡರು. ಹಿಂದೆ ನಿಂತವರು ನೋಡಿ, ಯೋಚಿಸಿ, "ತಪ್ಪು" ಎಂದು ಕೂಗಿ, ಅದು ಎಂಜಿನ್ ಸದ್ದನ್ನು ದಾಟಿ ಕಿವಿಗೆ ಬೀಳುವಷ್ಟರಲ್ಲಿ ಕೈ ಮೂರು ಕೆಲಸ ಮಾಡಿ ಮುಗಿಸಿರುತ್ತದೆ. ಕಣ್ಣೇ ಫಲವನ್ನು ನೋಡಬೇಕು. ಟ್ರೈಲರಿನ ಬಾಲ ಕಾಣದಿದ್ದರೆ ಕನ್ನಡಿ ಸರಿಮಾಡಿಕೊಳ್ಳಿ, ಇಲ್ಲವೇ ಬಾಲದ ಎರಡೂ ಮೂಲೆಗೆ ಕೆಂಪು ಬಟ್ಟೆ ಕಟ್ಟಿದ ಕೋಲು ನಿಲ್ಲಿಸಿ. ನಾವು ಹಳೆಯ ಸೀರೆಯ ಅಂಚು ಕಟ್ಟಿದ್ದೆವು.

ಇನ್ನೂ ಒಂದು ಕಾರಣವಿದೆ. ವಿನ್‌ಸ್ಟೀನ್ ಮತ್ತು ಶ್ಮಿಟ್ 1990ರಲ್ಲಿ ಒಂದು ತೋಳಿನ ಚಲನೆಯನ್ನು ಎರಡು ಗುಂಪಿಗೆ ಕಲಿಸಿದರು. ಒಂದು ಗುಂಪಿಗೆ ಪ್ರತಿ ಸಲವೂ ಫಲಿತಾಂಶ ಹೇಳಿದರು, ಇನ್ನೊಂದಕ್ಕೆ ಅರ್ಧದಷ್ಟು ಸಲ ಮಾತ್ರ. ಮರುದಿನ ಏನೂ ಹೇಳದೆ ಪರೀಕ್ಷಿಸಿದಾಗ ಅರ್ಧ ಕೇಳಿಸಿಕೊಂಡವರೇ ಮುಂದಿದ್ದರು. ಪ್ರತಿ ಸಲ ಹೇಳಿಸಿಕೊಂಡವರು ಹೇಳುವವರನ್ನೇ ಊರುಗೋಲು ಮಾಡಿಕೊಂಡಿದ್ದರು. ತಮ್ಮನ ಮಗನ ಜೊತೆ ಒಂದು ಒಪ್ಪಂದ ಮಾಡಿಕೊಂಡೆ: ನಾನು ನಾಲ್ಕು ಸಲ ತೆಗೆದ ಮೇಲೆ ಎಂಜಿನ್ ಆರಿಸುತ್ತೇನೆ, ಆಗ ಅವನು ಒಂದೇ ಒಂದು ಮಾತು ಹೇಳಬೇಕು. ಅದಕ್ಕೂ ಮೊದಲು ಎಷ್ಟು ಗೇಣು ತಪ್ಪಿತು, ಯಾವ ಕಡೆಗೆ ಎಂದು ನಾನೇ ಊಹಿಸಿ ಹೇಳಬೇಕು. ಮೊದಲ ದಿನ ನನ್ನ ಊಹೆ ಕೈಗಿಂತ ಕೆಟ್ಟದಾಗಿತ್ತು. ಊಹೆ ಹದಕ್ಕೆ ಬಂದ ಮೇಲೆಯೇ ಕೈಯೂ ಹದಕ್ಕೆ ಬಂದದ್ದು.

ಅಪಾಯ ಕಂಡಾಗ ಮಾತ್ರ ಒಂದೇ ಪದ: "ನಿಲ್ಲಿಸು."

ತಪ್ಪಿನ ಗಾತ್ರ

ತಪ್ಪು ಚಿಕ್ಕದಿರಲಿ. ತೀರಾ ದೊಡ್ಡ ತಪ್ಪನ್ನು ಮಿದುಳು ತನ್ನದೆಂದು ಒಪ್ಪಿಕೊಳ್ಳುವುದು ಕಡಿಮೆ. ಗಾಳಿ ಬಂತು, ಕಲ್ಲು ಸಿಕ್ಕಿತು, ಯಾರೋ ತಳ್ಳಿದರು ಎಂದು ಹೊರಗಿನ ಲೆಕ್ಕಕ್ಕೆ ಹಾಕುತ್ತದೆ. ಹಾಗೆಂದು ತಪ್ಪೇ ಆಗದಷ್ಟು ಸುಲಭ ಮಾಡಿಕೊಂಡರೆ ಗಂಟೆ ಬಾರಿಸುವುದೇ ಇಲ್ಲ. ಚೀಲಗಳ ನಡುವಿನ ಅಂತರವನ್ನು ಗೇಟಿಗಿಂತ ಎರಡು ಮೊಳ ಹೆಚ್ಚಿಗೆ ಇಟ್ಟು ಶುರು ಮಾಡಿ. ಹತ್ತಕ್ಕೆ ಏಳು ಸಲ ಬಂದರೆ ಒಂದು ಗೇಣು ಕಡಿಮೆ ಮಾಡಿ. ಏಳು ಎಂಬುದು ನನ್ನ ಮೈದಾನದ ಅಂದಾಜು, ಶಾಸ್ತ್ರವಲ್ಲ.

ಒಂದೇ ಕಡೆ ಉಜ್ಜಬೇಡಿ

ಇದನ್ನು ನಂಬಲು ನನಗೆ ಬಹಳ ದಿನ ಹಿಡಿಯಿತು. 1978ರಲ್ಲಿ ಕೆರ್ ಮತ್ತು ಬೂತ್ ಎಂಬಿಬ್ಬರು 8 ವರ್ಷದ ಮಕ್ಕಳಿಗೆ ಕಾಳು ತುಂಬಿದ ಚಿಕ್ಕ ಚೀಲಗಳನ್ನು ಗುರಿಗೆ ಎಸೆಯುವ ಆಟ ಕಲಿಸಿದರು. ಒಂದು ಗುಂಪು ಯಾವಾಗಲೂ 3 ಅಡಿ ದೂರದಿಂದ ಎಸೆಯಿತು. ಇನ್ನೊಂದು ಗುಂಪು 2 ಅಡಿ ಮತ್ತು 4 ಅಡಿಯಿಂದ ಎಸೆಯಿತು, 3 ಅಡಿಯಿಂದ ಒಮ್ಮೆಯೂ ಇಲ್ಲ. ಕೊನೆಗೆ ಪರೀಕ್ಷೆ 3 ಅಡಿಯಿಂದ. ಗೆದ್ದದ್ದು ಎರಡನೇ ಗುಂಪು.

ನಮ್ಮ ಕೊಟ್ಟಿಗೆಯಲ್ಲಿ ಕಾಯಿ ಸುಲಿಯಲು ಬರುವ ಹಿರಿಯರೊಬ್ಬರನ್ನು ನೋಡುತ್ತಾ ಕುಳಿತರೆ ಈ ಮಾತು ಅರ್ಥವಾಗುತ್ತದೆ. ನೆಲಕ್ಕೆ ನೆಟ್ಟ ಕಬ್ಬಿಣದ ಭರ್ಜಿ. ಅದರ ಮುಂದೆ ಕಾಲು ಕೊಂಚ ಅಗಲಿಸಿ ನಿಲ್ಲುತ್ತಾರೆ. ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಒಮ್ಮೆ ತಿರುಗಿಸಿ ನೋಡುತ್ತಾರೆ. ನೋಡುವುದು ಎನ್ನುವುದಕ್ಕಿಂತ ತೂಗುವುದು ಎನ್ನಬೇಕು. ಚಕ್ಕನೆ ಭರ್ಜಿಗೆ ಇಳಿಸಿ, ಮಣಿಕಟ್ಟು ಹೊರಳಿಸಿ, ಒಂದು ಹೋಳು ಸಿಪ್ಪೆ ಬಿಡಿಸುತ್ತಾರೆ. ಮತ್ತೆ ಎರಡು ಇಳಿತ, ಕಾಯಿ ಬೆತ್ತಲೆ. ನೂರಾರು ಕಾಯಿ ಹೀಗೆಯೇ. "ಹೀಗೆಯೇ" ಎಂದು ನಾನು ಬರೆದದ್ದು ಸುಳ್ಳು. ಹತ್ತಿರ ಕುಳಿತು ನೋಡಿದೆ: ಒಂದು ಕಾಯಿಗೆ ಭುಜ ಹೆಚ್ಚು ಬಾಗಿತು, ಇನ್ನೊಂದಕ್ಕೆ ಮಂಡಿ. ದಪ್ಪ ಸಿಪ್ಪೆಯದಕ್ಕೆ ಮೊನೆ ಆಳಕ್ಕೆ ಹೋಯಿತು, ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ್ದಕ್ಕೆ ತೆಳ್ಳಗೆ. ಯಾವ ಎರಡು ಇಳಿತವೂ ಒಂದೇ ಆಗಿರಲಿಲ್ಲ. ಒಂದೇ ಆಗಿದ್ದದ್ದು ಮೊನೆ ಸಿಪ್ಪೆಯನ್ನು ಹೊಕ್ಕು ಚಿಪ್ಪಿಗೆ ತಾಗದೆ ನಿಲ್ಲುವ ಜಾಗ ಮಾತ್ರ. 1920ರ ದಶಕದಲ್ಲಿ ಮಾಸ್ಕೋದಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಉಳಿಯ ಮೇಲೆ ಸುತ್ತಿಗೆ ಬಡಿಯುವ ಕೆಲಸಗಾರರನ್ನು ಚಿತ್ರಿಸಿ ಕಂಡದ್ದೂ ಇದನ್ನೇ: ತೋಳಿನ ಕೀಲುಗಳ ಹಾದಿ ಪ್ರತಿ ಏಟಿಗೂ ಬೇರೆ, ಸುತ್ತಿಗೆ ಬೀಳುವ ಜಾಗ ಒಂದೇ.

ಆದ್ದರಿಂದ ಅಭ್ಯಾಸವನ್ನು ಕಲಸಿ. ಟ್ರೈಲರನ್ನು ಒಮ್ಮೆ ನೇರ ತೆಗೆಯಿರಿ, ಒಮ್ಮೆ ಎಡದ ಕೋನದಿಂದ, ಒಮ್ಮೆ ಇಳಿಜಾರಿನಿಂದ. ಕೆಲಸ ಆ ದಿನ ಹದಗೆಟ್ಟಂತೆ ಕಾಣುತ್ತದೆ. ವಾರದ ಮೇಲೆ ನೋಡಿ. ನನ್ನ ಹಳೆಯ ಪದ್ಧತಿ, ಒಂದೇ ಜಾಗದಿಂದ ಐವತ್ತು ಸರ್ವಿಸ್, ಆ ದಿನ ನೋಡಲು ಚೆನ್ನಾಗಿರುತ್ತಿತ್ತು. ಪಂದ್ಯದ ದಿನ ಕೈಕೊಡುತ್ತಿತ್ತು.

ಭರ್ಜಿಯ ಕೆಲಸವನ್ನು ಮಾತ್ರ ಈ ಲೇಖನ ಓದಿ ಶುರು ಮಾಡಬೇಡಿ. ತಪ್ಪಿದರೆ ಅಂಗೈ ಹೋಗುವ ಕಡೆ ತಪ್ಪಿನಿಂದ ಕಲಿಯುವ ಮಾತು ನಡೆಯುವುದಿಲ್ಲ. ಪಳಗಿದವರ ಪಕ್ಕ ನಿಂತು, ಮೊಂಡು ಮೊನೆಯಲ್ಲಿ, ಹಸಿ ಸಿಪ್ಪೆಯ ಕಾಯಿಯಿಂದ ಮೊದಲುಮಾಡಬೇಕು.

ನಿಲ್ಲಿಸಿ, ಮಲಗಿ

ಅರ್ಧ ಗಂಟೆ ಸಾಕು. ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಆದರೆ ಒಳ್ಳೆಯದು. ಒಂದನ್ನು ಕಲಿತ ಬೆನ್ನಿಗೇ ಅದಕ್ಕೆ ವಿರುದ್ಧವಾದದ್ದನ್ನು ಕಲಿಯಬೇಡಿ. 1996ರ ಒಂದು ಪ್ರಯೋಗದಲ್ಲಿ ಜನರಿಗೆ ಕೈಯನ್ನು ಒಂದು ಪಕ್ಕಕ್ಕೆ ತಳ್ಳುವ ಯಂತ್ರದ ಹಿಡಿಯನ್ನು ನೇರವಾಗಿ ಒಯ್ಯಲು ಕಲಿಸಿದರು. ಕೂಡಲೇ ವಿರುದ್ಧ ಪಕ್ಕಕ್ಕೆ ತಳ್ಳುವ ಹಿಡಿಯನ್ನು ಕೊಟ್ಟಾಗ ಮೊದಲ ಕಲಿಕೆ ಕದಡಿಹೋಯಿತು. ನಾಲ್ಕು ಗಂಟೆ ಬಿಟ್ಟು ಕೊಟ್ಟವರಲ್ಲಿ ಉಳಿಯಿತು. ಕಲಿತದ್ದು ಒಳಗೆ ಮೊಸರಿನಂತೆ ಹೆಪ್ಪುಗಟ್ಟಲು ಹೊತ್ತು ಬೇಕು, ಆ ಹೊತ್ತಿನಲ್ಲಿ ಪಾತ್ರೆ ಅಲ್ಲಾಡಿಸಬಾರದು. ನಾನು ಟ್ರೈಲರ್ ಕಲಿಯುವ ದಿನಗಳಲ್ಲಿ ತಿಪಟೂರು ಪೇಟೆಗೆ ಕಾರು ಒಯ್ಯುವುದಿದ್ದರೆ ಮಧ್ಯಾಹ್ನದ ಮೇಲೆ ಹೋಗುತ್ತಿದ್ದೆ. ಮನೆಯವರಿಗೆ ಇದು ಹುಚ್ಚಿನಂತೆ ಕಂಡಿತು.

ನಿದ್ದೆಯೂ ಅಭ್ಯಾಸದ ಭಾಗವೇ. ಬೆರಳುಗಳಿಂದ ಒಂದು ಕ್ರಮದಲ್ಲಿ ಗುಂಡಿ ಒತ್ತುವುದನ್ನು ಕಲಿತವರು ಒಂದು ರಾತ್ರಿ ನಿದ್ದೆ ಮಾಡಿ ಎದ್ದಾಗ, ನಡುವೆ ಅಭ್ಯಾಸವಿಲ್ಲದೆಯೇ, ಸುಮಾರು 20 ಶೇಕಡಾ ವೇಗವಾಗಿ ಒತ್ತಿದ್ದು 2002ರ ಒಂದು ಅಧ್ಯಯನದಲ್ಲಿ ದಾಖಲಾಗಿದೆ. ರಾತ್ರಿ ಹನ್ನೊಂದರವರೆಗೆ ಮೈದಾನದಲ್ಲಿ ತಂಡವನ್ನು ಉಜ್ಜುವ ತರಬೇತುದಾರರು ಇದನ್ನು ಓದಲಿ.

ಮರುದಿನದ ಮೊದಲ ಹತ್ತು ನಿಮಿಷ

ಮರುದಿನ ಶುರುಮಾಡಿದಾಗ ನಿನ್ನೆ ಬಿಟ್ಟ ಕಡೆಯಿಂದ ಶುರುವಾಗುವುದಿಲ್ಲ, ಅದಕ್ಕಿಂತ ಹಿಂದಿನಿಂದ. ಹೆಚ್ಚಿನವರು ಕೈಬಿಡುವುದು ಇಲ್ಲೇ. ಕೈಯೊಳಗೆ ಎರಡು ಬಗೆಯ ಕಲಿಕೆ ಒಟ್ಟಿಗೆ ನಡೆಯುತ್ತದೆ ಎಂಬ ವಿವರಣೆ 2006ರಲ್ಲಿ ಬಂತು. ಒಂದು ಬೇಗ ಕಲಿತು ಬೇಗ ಮರೆಯುವಂಥದ್ದು, ಇನ್ನೊಂದು ನಿಧಾನ ಕಲಿತು ನಿಧಾನ ಮರೆಯುವಂಥದ್ದು. ನಿನ್ನೆ ಸಂಜೆ ನೀವು ಬೀಗಿದ್ದು ಮೊದಲನೆಯದರ ಬಲದಿಂದ. ರಾತ್ರಿ ಕಳೆಯುವಷ್ಟರಲ್ಲಿ ಅದು ಸೋರಿಹೋಯಿತು, ಉಳಿದಿರುವುದು ಎರಡನೆಯದು. ಅದು ಇದೆಯೇ ಎಂದು ತಿಳಿಯಲು ನಿನ್ನೆ ಎಷ್ಟು ಸಲದಲ್ಲಿ ಹದಕ್ಕೆ ಬಂದಿರಿ, ಇಂದು ಎಷ್ಟು ಸಲದಲ್ಲಿ ಬಂದಿರಿ ಎಂದು ಬರೆದು ನೋಡಿ. ನನ್ನ ಪುಸ್ತಕದಲ್ಲಿ ಆರನೇ ದಿನ 14ನೇ ಸಲಕ್ಕೆ ಟ್ರೈಲರ್ ಚೀಲಗಳ ನಡುವೆ ಹೋಗಿತ್ತು. ಹನ್ನೊಂದನೇ ದಿನ 5ನೇ ಸಲಕ್ಕೆ. ಹದಿನಾರನೇ ದಿನ ಚೀಲ ತೆಗೆದು, ಕಲ್ಲುಕಂಬಗಳ ನಡುವೆ, ಎರಡನೇ ಸಲಕ್ಕೆ.

ಅದು ಖಾಲಿ ಟ್ರೈಲರ್. ಕಳೆದ ವಾರ ಕೊಬ್ಬರಿ ಚೀಲ ಹೇರಿಕೊಂಡು ತೆಗೆದೆ. ಬಾಲ ಹೊರಳುವುದು ಈಗ ನಿಧಾನ, ಹೊರಳಿದ ಮೇಲೆ ನಿಲ್ಲುವುದೂ ನಿಧಾನ. ದಿಕ್ಕು ಅದೇ, ಅಳತೆ ಬೇರೆ. ಅಂದರೆ ಇದು ಓರೆಯ ತಪ್ಪು, ಗಾಳಿಯ ಚೆಂಡಿನಂಥದ್ದು. ಹತ್ತು ಹದಿನೈದು ಸಲ ಬೇಕಾದೀತು. ಸಿಪ್ಪೆ ಚೀಲಗಳನ್ನು ಮತ್ತೆ ಬಯಲಿಗೆ ಒಯ್ದಿಟ್ಟಿದ್ದೇನೆ.